ಮದುಮಗನ ಪಂಚೆ

ಕೊತ್ತಂಬರಿ, ಜೀರಿಗೆ ಹುರಿದದ್ದಕ್ಕೆ ಈ ಅರಬ್ ದೇಶದ ಅಲ್ ಥುಮಾಮಾದಲ್ಲಿರುವ ನಮ್ಮ ಮನೆಯೆಲ್ಲ ಘಮ್ಮೆನ್ನುತ್ತಿದೆ. ಇವತ್ತು ಶುಕ್ರವಾರ, ನೆನಿತಾ ಬರುವವಳು. ಅವಳು ಮಾರ್ಮನ್ ಪಂಥದ ಕ್ರೈಸ್ತಳು. ಕಾಫಿ, ಚಹಾ ಮುಟ್ಟುವಂತಿಲ್ಲ, ಕಷಾಯವೇ ಆಗಬೇಕು. ಬಂದವರಿಗೆ ಕಾಫಿ ಕೊಡದಿದ್ದರೆ ಮಾನ ಹೋಯಿತೆಂದುಕೊಳ್ಳುವ ನನಗೆ ಎಂಥ ಗೆಳತಿ ಸಿಕ್ಕಿದ್ದಾಳೆ ನೋಡಿ!

ಹಿಂದೆ ಅವಳಿದ್ದ ಪಕ್ಕದ ವಿಲ್ಲಾದ ಹಜಾರದಲ್ಲೇ ಆ ಪಂಥದವರ ಪ್ರಾರ್ಥನೆ. ಬೋರ್ಡಿಲ್ಲ, ಗಂಟೆಯಿಲ್ಲ. ಇಲ್ಲಿಯ ರಜೆ ಶುಕ್ರವಾರವಾದ್ದರಿಂದ ಅವರ ಭಾನುವಾರವೂ ಶುಕ್ರವಾರವೇ. ಸೋಫಾ ಅಂಗಳಕ್ಕೆ, ಮಡಚುವ ಕುರ್ಚಿಗಳು ಒಳಕ್ಕೆ. ಅವರ ಹಾಡು ಗೋಡೆ ದಾಟಿ ಬರುವಾಗ ನಾನು ನೀರುದೋಸೆ ಹುಯ್ಯುತ್ತಿದ್ದೆ. ಹಾಡಿದ್ದ ದಿನ ದೋಸೆ ತೆಳುವಾಗುತ್ತದೆಂದು ನನ್ನ ಭ್ರಮೆ. ಆದರೆ ಅದು ದೇವಾಲಯವಲ್ಲವಂತೆ. ಅವರ ದೇವಾಲಯವೆಂದರೆ ಬೇರೆಯೇ. ಸುತ್ತಮುತ್ತಲ ಅರಬ್ ದೇಶಗಳಲ್ಲಿ ಆಗ ಒಂದೂ ಇರಲಿಲ್ಲ. ಸಾವಿನ ಆಚೆಗೂ ಉಳಿಯುವ ಮದುವೆ ಅಲ್ಲೇ ಆಗಬೇಕು.

ನೆನಿತಾ ಮತ್ತು ಅವಳ ಗಂಡ ರಜೆಗೆ ತಮ್ಮ ಊರು ಮನಿಲಾಗೆ ಹೋದಾಗ ಅಲ್ಲಿಯ ದೇವಾಲಯದಲ್ಲಿ ಆ ಮದುವೆಯನ್ನೂ ಮಾಡಿಕೊಳ್ಳುವವರಿದ್ದರು. ಟಿಕೆಟ್ ಕೈಗೆ ಬಂದಿತ್ತು. ಅಷ್ಟರಲ್ಲಿ ಅವನು ಇಲ್ಲೇ, ಕೆಲಸದ ಜಾಗದಲ್ಲೇ ಕುಸಿದು ತೀರಿಕೊಂಡ.

ವರ್ಷ ಕಳೆದ ಮೇಲೆ, ಊರಿನಿಂದ ನನ್ನ ಅತ್ತೆ ಬಂದಿದ್ದಾಗ, ನೆನಿತಾ ನಮ್ಮ ಅಡುಗೆಮನೆಯಲ್ಲಿ ಕುಳಿತು ಇಂಗ್ಲಿಷಿನಲ್ಲಿ ತಡೆತಡೆದು ಹೇಳಿದಳು: "ಈ ರಜೆಯಲ್ಲಿ ಅವನೊಂದಿಗೆ ಆ ಮದುವೆ ಆಗ್ತೇನೆ. ಅವನ ಪರವಾಗಿ ಬೇರೊಬ್ಬರು ನಿಲ್ತಾರೆ. ದಯವಿಟ್ಟು ನಗಬೇಡ."

ನಾನು ಓದಿದವಳ ಗಾಂಭೀರ್ಯದಿಂದ ತಲೆಯಾಡಿಸಿ, ಅತ್ತೆಗೆ ವಿಷಯ ತಿಳಿಸಿದೆ.

"ನಗುದೆಂತಕ್ಕೆ ಮಾರಾಯ್ತಿ?" ಎಂದರು ಅತ್ತೆ. "ನಮ್ಮಲ್ಲಿ ಆಟಿ ತಿಂಗಳಲ್ಲಿ ಸತ್ತವರಿಗೆ ಮದುವೆ ಮಾಡುದಿಲ್ವಾ? ಸಣ್ಣದ್ರಲ್ಲೇ ಹೋದ ನನ್ನ ತಂಗಿಗೆ ಸೀರೆ, ಬಳೆ, ಮಲ್ಲಿಗೆ ಎಲ್ಲ ಇಟ್ಟು ಮಾಡಿದ್ದು. ಅವಳತ್ರ ಕೇಳು, ಮದುಮಗನನ್ನು ಎಲ್ಲಿ ಕೂರಿಸುದಂತೆ?"

ನೆನಿತಾ ಕಣ್ಣೊರೆಸಿಕೊಂಡು ನಕ್ಕಳು. ದೇವಾಲಯದ ಒಳಗಿನದ್ದನ್ನು ಹೊರಗೆ ಹೇಳುವಂತಿಲ್ಲವಂತೆ. ಅತ್ತೆ ಸುಮ್ಮನಿರುವವರಲ್ಲ. ಮಗನಿಗೆಂದು ಊರಿನಿಂದ ತಂದಿದ್ದ ಬಿಳಿ ಪಂಚೆಯನ್ನು ತಂದು ಅವಳ ಮಡಿಲಿಗೆ ಹಾಕಿದರು. "ಹೊಸ ಬಟ್ಟೆ ಇಲ್ಲದೆ ಎಂತ ಮದುವೆ?" ಅಲ್ಲಿ ಅದನ್ನು ಯಾರಿಗೂ ಉಡಿಸುವಂತಿರಲಿಲ್ಲ. ಆದರೂ ಅವಳು ಮನಿಲಾವರೆಗೂ ಅದನ್ನು ಕೈಚೀಲದಲ್ಲೇ ಇಟ್ಟುಕೊಂಡು ಹೋದಳು. ನನ್ನ ಗಂಡನ ಪಂಚೆ ಖಲಾಸ್!

ಈಗ ಆ ವಿಲ್ಲಾದಲ್ಲಿ ಬೇರೆ ಯಾರೋ ಇದ್ದಾರೆ. ಅತ್ತೆ ತೀರಿಹೋಗಿ ವರ್ಷಗಳಾದವು. ನನಗೆ ಅವರ ನೆನಪು ಹೆಚ್ಚಾಗುವುದು ಇದೇ ಅಡುಗೆಮನೆಯಲ್ಲಿ.

ನೆನಿತಾ ಬಂದಳು. ಕಷಾಯ ಹೀರುತ್ತಾ ಹೇಳಿದಳು: "ದುಬೈಯಲ್ಲಿ ನಮ್ಮ ದೇವಾಲಯ ಕಟ್ತಾರೆ. ಪ್ರತಿಷ್ಠೆಗೆ ಮುಂಚೆ ಎಲ್ಲರನ್ನೂ ಒಳಗೆ ಬಿಡ್ತಾರೆ. ಮದುಮಗ ಎಲ್ಲಿ ಕೂರ್ತಾನೆ ಅಂತ ಅಮ್ಮ ಕೇಳಿದ್ರಲ್ಲ? ಆಗ ಆ ಕೋಣೆ ತೋರಿಸಬಹುದು."

"ಅತ್ತೆ ಈಗ ಎಲ್ಲಿದ್ದಾರೆ ನೆನಿತಾ?"

"ಅವರ ಪರವಾಗಿ ನೀನು ಬಾ."

ಅವಳ ಲೋಟಕ್ಕೆ ಇನ್ನಷ್ಟು ಕಷಾಯ ಬಗ್ಗಿಸಿ, ಬರುತ್ತೇನೆ ಎಂದೆ.