ಬ್ರಿಸ್ಟಲಿಗೆ ಹೋದ ಬಿಳೂರಿನ ಪದ

ಸೂಜಿ ಸಿಕ್ಕಿಹಾಕಿಕೊಂಡಿದೆ ಎಂದುಕೊಂಡು ನಾನು ಅದನ್ನು ರೆಕಾರ್ಡಿನ ಮೇಲಿಂದ ಎತ್ತಿಬಿಟ್ಟೆ. ಎಷ್ಟೋ ಹೊತ್ತಿನಿಂದ ಸ್ಪೀಕರಿನಲ್ಲಿ ಒಂದೇ ಒಂದು ಸ್ವರ, ದೂರದ ಹೊಲದಲ್ಲಿ ಬೋರಿನ ಮೋಟಾರು ನಡೆದಂತೆ, ಗುಂಯ್‌ಗುಡುತ್ತಿತ್ತು. ಒಳಗೆ ಚಹಾ ಮಾಡುತ್ತಿದ್ದ ನನ್ನ ಮಾಲೀಕ ಕಾಲಿನ್ ಬಾಗಿಲಿಗೆ ಬಂದು ನಿಂತ.

"ಯಾಕೆ ನಿಲ್ಲಿಸಿದೆ?"

"ಹಾಡು ಮುಂದಕ್ಕೆ ಹೋಗುತ್ತಿರಲಿಲ್ಲ."

"ಅದು ಹೋಗುವುದಿಲ್ಲ," ಎಂದ ಕಾಲಿನ್, ನಗದೆಯೇ. "ಇರುತ್ತದೆ, ಅಷ್ಟೆ."

ಇದು ಬ್ರಿಸ್ಟಲಿನಲ್ಲಿ ನನ್ನ ಕೆಲಸದ ಮೊದಲ ದಿನ ನಡೆದದ್ದೆಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಈಗ ಬರೆಯಲು ಕುಳಿತಾಗ ಸಂಶಯ. ಮೊದಲ ದಿನವೇ ಮಾಲೀಕನ ಯಂತ್ರಕ್ಕೆ ಕೈ ಹಚ್ಚುವಷ್ಟು ಧೈರ್ಯ ನನಗಿರಲಿಲ್ಲ. ಯಾವುದೋ ದಿನವನ್ನು ಎತ್ತಿ ಮೊದಲಿಗೆ ತಂದಿಟ್ಟುಕೊಂಡಿರಬೇಕು. ಕಥೆ ಹಾಗೆ ಚಲೋ ನಿಲ್ಲುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ಹೆಂಡತಿ ಶಮಶಾದ್ ಮಿರಜಿನಲ್ಲಿ ನರ್ಸಿಂಗ್ ಕಲಿತವಳು. ಇಂಗ್ಲೆಂಡಿನ ಪಶ್ಚಿಮಕ್ಕಿರುವ ಈ ಬಂದರಿನ ಊರಿನ ಆಸ್ಪತ್ರೆ ಅವಳನ್ನು ಕರೆಸಿಕೊಂಡಿತು. ನಾನು ಗಡಿಯಾಚೆ ಮರಾಠಿ ಸೀಮೆಗೆ ಸೇರಿದ ಜತ್ತ ತಾಲೂಕಿನ ಬಿಳೂರಿನವನು, ಅರಳೆ ಹಿಂಜಿ ಗಾದಿ ತುಂಬುವ ಪಿಂಜಾರರ ಮನೆಯವನು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ನೌಕರಿಗಾಗಿ ಅಲೆದು ಸಾಕಾಗಿ, ಅವಳ ವೀಸಾದ ಬೆನ್ನು ಹತ್ತಿ ಹೋದೆ. ಪಾಸ್‌ಪೋರ್ಟಿನಲ್ಲಿ ನನ್ನ ಗುರುತು 'ಅವಲಂಬಿತ' ಎಂದಿತ್ತು. ಪರಕೀಯನಾಗುವುದು ನನಗೆ ಹೊಸದೇನಲ್ಲ. ಸಾಂಗಲಿಯ ಕಚೇರಿಗಳಲ್ಲಿ ನಾನು ಕಾನಡಿ, ಧಾರವಾಡದ ಹಾಸ್ಟೆಲಿನಲ್ಲಿ ಮರಾಠಿಯವ. ಆದರೆ ಆ ಎರಡೂ ಕಡೆ ನನ್ನನ್ನು ದೂರವಿಡಲು ಜನರಿಗೆ ನಾನು ಯಾರೆಂದು ಗೊತ್ತಿರಬೇಕಾಗುತ್ತಿತ್ತು. ಬ್ರಿಸ್ಟಲಿನಲ್ಲಿ ಆ ಗೊಡವೆಯೂ ಇರಲಿಲ್ಲ.

ನಮ್ಮ ಬಾಡಿಗೆ ಮನೆ ನೆಲಮಟ್ಟಕ್ಕಿಂತ ಕೆಳಗಿತ್ತು. ಕಿಟಕಿಯಲ್ಲಿ ಹಾದುಹೋಗುವವರ ಬೂಟುಗಳು ಮಾತ್ರ ಕಾಣುತ್ತಿದ್ದವು. ಬಿಳೂರಿನ ಮಾಳಿಗೆಯ ಮೇಲೆ ಒಂದೇ ದಿನದಲ್ಲಿ ಒಣಗುವ ಕೌದಿ ಇಲ್ಲಿ ವಾರವಾದರೂ ಹಸಿ. ಗುಜರಾತಿಯೊಬ್ಬನ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಕ್ಕಿದ ದಿನ ಶಮಶಾದ್ ರೊಟ್ಟಿ ಬಡಿದಳು. ಹಂಚು ಕಾದು ಹೊಗೆ ಎದ್ದದ್ದೇ ಛಾವಣಿಯ ಅಲಾರಂ ಕೂಗಿಕೊಂಡಿತು. ಆಮೇಲಿನಿಂದ ಅವಳು ಬಡಿಯುವಾಗ ನಾನು ಕುರ್ಚಿ ಹತ್ತಿ ಅಲಾರಮ್ಮಿಗೆ ಒದ್ದೆ ಟವೆಲು ಹಿಡಿದು ನಿಲ್ಲುವುದು ನಮ್ಮ ಸಂಸಾರದ ರೂಢಿಯಾಯಿತು.

ಅಲ್ಲಿಯ ಇಂಗ್ಲಿಷು ನಾನು ಓದಿದ ಇಂಗ್ಲಿಷಲ್ಲ. ಬಸ್ಸಿನ ಡ್ರೈವರಮ್ಮ ಚಿಲ್ಲರೆ ಕೊಡುತ್ತ 'ಥ್ಯಾಂಕ್ಸ್, ಮೈ ಲವರ್' ಎಂದಳು. ಅಲ್ಲಿ ಅದು ನಮ್ಮ 'ಅಣ್ಣಾ', 'ಯಕ್ಕಾ' ಇದ್ದಂತೆ, ಯಾರಿಗೆ ಬೇಕಾದರೂ ಅನ್ನುತ್ತಾರೆ. ಶಮಶಾದ್‌ಗೆ ಅದಿನ್ನೂ ತಿಳಿದಿರಲಿಲ್ಲ.

"ಯಾರ್ರೀ ಅಕಿ? ಯಾವಾಗಿಂದ ಗುರ್ತ?" ಎಂದು ಇಳಿಯುವವರೆಗೂ ಕೇಳಿದಳು.

ಕಾಲಿನ್‌ನದು ಒಂದು ಗೋದಾಮು. ಸಣ್ಣ ಸಣ್ಣ ಕಂಪನಿಗಳ ರೆಕಾರ್ಡು, ಸಿಡಿಗಳನ್ನು ತರಿಸಿ ಅಂಗಡಿಗಳಿಗೆ ಹಂಚುವ ವ್ಯಾಪಾರ. ಪ್ರತಿ ವಾರ ಹೊಸ ಬಿಡುಗಡೆಗಳ ಪೆಟ್ಟಿಗೆಗಳು ಬರುತ್ತಿದ್ದವು. ನಾನು ಅವನ್ನು ಬಿಚ್ಚಬೇಕು, ಕೇಳಬೇಕು, ಒಂದೊಂದಕ್ಕೂ ನಾಲ್ಕು ಸಾಲಿನ ಪರಿಚಯ ಬರೆಯಬೇಕು. ಅಂಗಡಿಯವರು ಆ ಸಾಲುಗಳನ್ನು ನೋಡಿ ಎಷ್ಟು ತರಿಸಬೇಕೆಂದು ಗೊತ್ತುಮಾಡುತ್ತಿದ್ದರು. ಬಂದದ್ದೆಲ್ಲ ಮೂರು ಜಾತಿಯ ಸಂಗೀತ. ಆಂಬಿಯೆಂಟ್ ಎಂದರೆ ಕೋಣೆಯ ಗಾಳಿಯ ಹಾಗೆ ಸುಮ್ಮನೆ ತುಂಬಿಕೊಂಡಿರುವುದು. ಕೇಳಿದರೂ ಸರಿ, ಕೇಳದಿದ್ದರೂ ಸರಿ. ಡೌನ್‌ಟೆಂಪೊ ಎಂದರೆ ತಾಳವಿದೆ, ಆದರೆ ಊಟವಾದ ಮೇಲೆ ನಡೆದಂತೆ ನಿಧಾನ. ಡಬ್ ಜಮೈಕಾದಿಂದ ಬಂದದ್ದು: ಒಂದು ಹಾಡನ್ನು ತೆಗೆದುಕೊಂಡು, ಹಾಡುವವನನ್ನು ಒಳಗಿಂದ ತೆಗೆದು, ಉಳಿದ ಡ್ರಮ್ಮು-ಬೇಸುಗಳ ನಡುವೆ ಅವನ ಅರ್ಧ ಮಾತನ್ನು ಮಾತ್ರ ಪ್ರತಿಧ್ವನಿಯಾಗಿ ಅಲೆಯಲು ಬಿಡುವುದು.

ಶಮಶಾದ್ ಒಮ್ಮೆ ಡ್ಯೂಟಿ ಮುಗಿಸಿ ಬಂದವಳು ನನ್ನ ಜೊತೆ ಕೂತು ಒಂದು ಸಿಡಿ ಕೇಳಿದಳು.

"ಅಪ್ಪನ ಕೂಡ ಕುಂತು ಗಾದಿ ತುಂಬಾಕ ನಿಮಗ ನಾಚಿಕಿ ಬರ್ತಿತ್ತು," ಎಂದಳು. "ಈಗ ಗಾದಿ ಮ್ಯಾಲ ಬಿದ್ದು ಕೇಳೂ ಹಾಡು ಮಾರಾಕತ್ತೀರಿ. ಧಂದೆ ಏನ ಬದಲಾಗಿಲ್ಲ ಬಿಡ್ರಿ."

ನನ್ನ ತೊಂದರೆಯೆಂದರೆ ಆ ಸಂಗೀತ ನನಗೆ ಹಿಡಿಸತೊಡಗಿತ್ತು. ಡಬ್ಬಿನಲ್ಲಿ ಎಲ್ಲಿಂದಲೋ ಒಂದು ಕೂಗು ಬಂದು, ಉತ್ತರ ಸಿಗದೆ, ತನ್ನನ್ನೇ ಮತ್ತೆ ಮತ್ತೆ ಕರೆಯುತ್ತ ಕರಗುವುದನ್ನು ಕೇಳಿದಾಗ, ನನ್ನ ದಿನಗಳನ್ನು ಯಾರೋ ಸರಿಯಾಗಿ ಬರೆದಿಟ್ಟಿದ್ದಾರೆ ಅನ್ನಿಸುತ್ತಿತ್ತು.

ಕಾಲಿನ್ ಗೋದಾಮಿನ ಹಿಂದಿನ ಕೋಣೆಯಲ್ಲಿ ತಾನೂ ಸಂಗೀತ ಮಾಡುತ್ತಿದ್ದ. ನಾನು ಮೊದಲ ಸಲ ಊರಿಗೆ ಹೊರಟಾಗ ಅಂಗೈಯಗಲದ ಮಿನಿಡಿಸ್ಕ್ ರೆಕಾರ್ಡರ್ ಕೊಟ್ಟು, "ನಿಮ್ಮ ಕಡೆಯ ಏನಾದರೂ ಸದ್ದು ತಾ" ಎಂದ.

ಬಿಳೂರಿನಲ್ಲಿ ನನ್ನ ತಾಯಿಯ ಅಣ್ಣ ಹುಸೇನಸಾಬ, ನಾವು ಮಾಮು ಅನ್ನುತ್ತೇವೆ, ಅರಳೆ ಹಿಂಜುವ ಬಿಲ್ಲನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಜತ್ತಕ್ಕೆ ಹಿಂಜುವ ಯಂತ್ರ ಬಂದು ಹತ್ತಾರು ವರ್ಷವಾಗಿದ್ದರೂ ಕೆಲವು ಮನೆಯವರು ಮದುವೆಯ ಗಾದಿಗೆ ಅವರನ್ನೇ ಕರೆಯುತ್ತಿದ್ದರು. ಮೊಹರಮ್ಮಿನಲ್ಲಿ ಅವರು ರಿವಾಯತ ಹಾಡುತ್ತಾರೆ. ಕರ್ಬಲಾದ ದುಃಖವನ್ನು ಕನ್ನಡದಲ್ಲಿ ಹೇಳುವ ಪದಗಳು. ಹಿಂದೆ ನಿಂತು ದನಿಗೂಡಿಸುವವನು ದ್ರಾಕ್ಷಿ ತೋಟದ ಸಿದ್ದಪ್ಪ. ಕೊರಳಲ್ಲಿ ಲಿಂಗ, ಬಾಯಲ್ಲಿ ಹಸನ-ಹುಸೇನರ ಹೆಸರು. ಇದನ್ನು ಬರೆಯುವಾಗ ಬ್ರಿಸ್ಟಲಿನವರಿಗೆ ವಿವರಿಸಿದ ಅಭ್ಯಾಸ ಬರುತ್ತದೆ, ನಿಮಗೆ ವಿವರಿಸಬೇಕಾಗಿಲ್ಲ.

ಮಾಮು ಸಿದ್ದಪ್ಪನ ಜೊತೆ ಪಡಸಾಲೆಯಲ್ಲಿ ಕೂತು ಮೊದಲು ಬಿಲ್ಲಿನ ತಂತಿ ಬಾರಿಸಿದರು, ಆಮೇಲೆ ರೆಕಾರ್ಡರನ್ನು ತಿರುಗಿಸಿ ನೋಡಿದರು.

"ಇದನ್ನ ಅಲ್ಲಿ ಯಾರ ಕೇಳ್ತಾರೋ ದಸ್ತಗೀರ?"

"ನಮ್ಮ ಸಾಹೇಬ. ಕಾಲಿನ್ ಅಂತ."

"ಮುಸಲ್ಮಾನನೋ, ಕಿರಿಸ್ತಾನನೋ?"

"ಎರಡೂ ಅಲ್ಲಂತ, ಮಾಮು. ಅಂವ ಏನೂ ನಂಬಂಗಿಲ್ಲ."

"ಪಾಪ," ಎಂದ ಸಿದ್ದಪ್ಪ. "ಅಂದ್ರ ವರ್ಷಾನುಗಟ್ಲೆ ಒಂದ ಹಬ್ಬದ್ದೂ ಊಟ ಇಲ್ಲ ಅವಗ."

ಮಾಮು ನಗಲಿಲ್ಲ. "ರೊಕ್ಕ ಗಿಕ್ಕ ಬ್ಯಾಡ. ಒಂದ ಮಾತು ಹೇಳ್ ಅವಗ. ಎಲ್ಲಿ ಬೇಕಾದಲ್ಲಿ ಕತ್ತರಸಲಿ, ಕಡೀ ನುಡಿ ಕತ್ತರಸಬಾರ್ದು. ಅದು ಹೋತಂದ್ರ ಪದ ಬೇವಾರಸಿ ಆಗ್ತದ."

ಕಡೆಯ ನುಡಿಯಲ್ಲಿ ಹೆಸರುಗಳು ಬೀಳುತ್ತವೆ. ಹಾಡುವವನ ಊರು ಮೊದಲು, ಆಮೇಲೆ ಕಲಿಸಿದ ಉಸ್ತಾದರ ಹೆಸರು, ಹಾಡಿದವನ ಹೆಸರು, ಕೊನೆಗೆ ಕೇಳಲು ಕರೆದವನ ಊರು ಮತ್ತು ಹೆಸರು. ಮೇಳ ಸಂಖಕ್ಕೆ ಹೋದರೆ ಸಂಖದ ಯಜಮಾನನ ಹೆಸರು, ಬೆಳುಂಕಿಗೆ ಹೋದರೆ ಬೆಳುಂಕಿಯವನದು. ಹಾಡುತ್ತಲೇ ಕಟ್ಟುತ್ತಾರೆ. ಮಾಮು ಅಂದು ಕಣ್ಣು ಮುಚ್ಚಿ ಕಟ್ಟಿದ್ದು ಇದು:

ಊರ ಬಿಳೂರ ನಮದು, ಉಸ್ತಾದ ಲಾಲಸಾಬ
ಹುಸೇನ ಹಾಡ್ಯಾನ ದುಃಖದ ಪದವ
ಬ್ರಿಸ್ಟಲ ಶಹರದ ಕಾಲಿನ ಸಾಹೇಬ
ಕರೆದು ಕೇಳಿದವನ ಮನಿ ಇರಲಿ ತಣ್ಣಗ

ನಾನು ಮಾತು ಕೊಟ್ಟು ಬಂದೆ. ಆ ಮಧ್ಯಾಹ್ನವನ್ನು ಬಹಳ ದಿನ ಹೀಗೆ ನೆನೆಯುತ್ತಿದ್ದೆ: ಬೇವಿನ ಮರ, ಕಾಗೆ, ದೂರದಲ್ಲಿ ಎತ್ತಿನ ಗಂಟೆ. ಬ್ರಿಸ್ಟಲಿನಲ್ಲಿ ಡಿಸ್ಕ್ ಕೇಳಿದರೆ ಅವು ಯಾವುವೂ ಇಲ್ಲ. ಇರುವುದು ಪಕ್ಕದ ಮನೆಯ ಟೀವಿಯಲ್ಲಿ ಸಾಬೂನಿನ ಮರಾಠಿ ಜಾಹೀರಾತು, ಒಂದು ಮೋಟಾರ್‌ಸೈಕಲ್ಲು, ಸಿದ್ದಪ್ಪನ ಕೆಮ್ಮು.

ಕಾಲಿನ್ ತಿಂಗಳುಗಟ್ಟಲೆ ಅದರ ಮೇಲೆ ಕೆಲಸ ಮಾಡಿದ. ಮುಗಿದ ದಿನ ನನ್ನನ್ನು ಹಿಂದಿನ ಕೋಣೆಗೆ ಕರೆದು ಕೂರಿಸಿದ. ಮಾಮುವಿನ ಬಿಲ್ಲು ಬೇಸ್ ಆಗಿತ್ತು. ನೆಲದಿಂದ ಎದ್ದು ಎದೆಗೂಡಿಗೆ ಬಡಿಯುವಂಥ ಬೇಸ್. ಅದರ ಮೇಲೆ ಮಾಮು ಸಾಲು ಎತ್ತುವ ಮುಂಚೆ ಎಳೆಯುವ ಉಸಿರು, ಒಂದು 'ಆ', ಅದರ ಪ್ರತಿಧ್ವನಿ. ಟೀವಿ ಇರಲಿಲ್ಲ. ಮೋಟಾರ್‌ಸೈಕಲ್ಲಿರಲಿಲ್ಲ. ಎಲ್ಲಿಂದಲೋ ತಂದು ಸೇರಿಸಿದ ಕಾಗೆಗಳಿದ್ದವು. ನನಗೆ ಮೈ ಜುಮ್ಮೆಂದಿತು. ನನ್ನ ನೆನಪು ಬಿಳೂರನ್ನು ಹೇಗೆ ತೊಳೆದಿಟ್ಟಿತ್ತೋ ಅವನ ಯಂತ್ರವೂ ಹಾಗೆಯೇ ತೊಳೆದಿತ್ತು.

ಪದ ಇರಲಿಲ್ಲ. ಒಂದು ಸಾಲೂ ಇರಲಿಲ್ಲ.

"ಕೊನೆಯ ನುಡಿ?" ಎಂದೆ.

"ಪ್ರಯತ್ನಿಸಿದೆ. ಮಾತು ಬಂದ ಕೂಡಲೇ ಕೇಳುವವರು ತೇಲುವುದು ನಿಲ್ಲಿಸುತ್ತಾರೆ. ಮೇಲಾಗಿ ಅದರಲ್ಲಿ ನನ್ನ ಹೆಸರಿದೆಯಲ್ಲ ಮಾರಾಯ! ನನ್ನದೇ ರೆಕಾರ್ಡಿನಲ್ಲಿ ಯಾರೋ ನನಗೆ ಸಾಹೇಬ ಅನ್ನುವುದೇ? ನಾಚಿಕೆಯಿಂದ ಸಾಯುತ್ತೇನೆ."

"ಅದು ಅವರು ನಿನಗೆ ಕೊಟ್ಟದ್ದು. ಅದೊಂದನ್ನೇ ಉಳಿಸು ಎಂದು ಹೇಳಿದ್ದೆ."

"ನೀನು ಹೇಳಿದ್ದೆ. ನಾನು ಆಗುವುದಿಲ್ಲ ಎಂದಿರಲಿಲ್ಲ, ನಿಜ. ಆದರೆ ಡಬ್ ಇರುವುದೇ ತೆಗೆಯುವುದರಲ್ಲಿ. ನೀನೇ ಎಷ್ಟು ಸಲ ಬರೆದಿದ್ದೀಯ."

ಬರೆದಿದ್ದೆ. 'ಇಲ್ಲದ ಗಾಯಕನ ಚೆಲುವು' ಎಂಬಂಥ ಮಾತುಗಳನ್ನು ಯಾರ‍್ಯಾರದೋ ರೆಕಾರ್ಡುಗಳಿಗೆ ಧಾರಾಳವಾಗಿ ಬರೆದಿದ್ದೆ. ಆಗ ಇಲ್ಲದವನು ನನ್ನ ಮಾಮು ಆಗಿರಲಿಲ್ಲ.

ಮೂರು ವಾರ ಜಗಳವಾಡಿದೆ. ಶಮಶಾದ್ "ನೌಕರಿ ಬಿಡ್ರಿ, ನನ್ನ ಪಗಾರದಾಗ ನಡೀತದ" ಎಂದಳು. ಬಿಟ್ಟರೆ ಆ ನುಡಿ ಎಲ್ಲಿ ಎಂದು ಕೇಳುವವರು ಅಲ್ಲಿ ಯಾರೂ ಉಳಿಯುವುದಿಲ್ಲ ಎಂದು ಬಿಡಲಿಲ್ಲ, ಅಥವಾ ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಕೊನೆಗೆ ಕಾಲಿನ್ ಒಂದು ಮೆಟ್ಟಿಲು ಇಳಿದ. ರೆಕಾರ್ಡಿನ ಹೊದಿಕೆಯ ಹಾಳೆಯ ಒಳಮೈಯಲ್ಲಿ 'ಧ್ವನಿ ಮತ್ತು ಬಿಲ್ಲು: ಹುಸೇನಸಾಬ, ಬಿಳೂರು' ಎಂದು ಅಚ್ಚಾಯಿತು. ರೆಕಾರ್ಡಿಗೆ ಅವನಿಟ್ಟ ಹೆಸರು 'ದಖ್ಖನ್ನಿನ ಧೂಳು'. ಆ ವಾರದ ಹೊಸ ಬಿಡುಗಡೆಗಳ ಪರಿಚಯದಲ್ಲಿ ನಾನು ಮೊಹರಮ್ಮು, ಪದ, ಕಡೆಯ ನುಡಿಯ ಅರ್ಥ ಎಲ್ಲ ಬರೆದೆ. ಕಾಲಿನ್ ಕತ್ತರಿಸಿ ಅಂಗಡಿಗಳಿಗೆ ಕಳಿಸಿದ್ದು ಎಂದಿನ ನಾಲ್ಕು ಸಾಲು: ಬೆಚ್ಚಗಿನ, ಆಳದ, ತೇಲುವ, ಪುರಾತನ. ಆ ರೆಕಾರ್ಡು ಚೆನ್ನಾಗಿ ಮಾರಾಟವಾಯಿತು. ಒಂದು ಕಾಫಿ ಅಂಗಡಿಯಲ್ಲಿ ಅದನ್ನು ಕೇಳಿದೆ. ಇಬ್ಬರು ಹುಡುಗಿಯರು ಕೇಕು ತಿನ್ನುತ್ತಿದ್ದರು, ಮಾಮು ಅವರ ತಲೆಯ ಮೇಲೆ ಉಸಿರಾಡುತ್ತಿದ್ದರು.

ಮುಂದಿನ ರಜೆಗೆ ಸಿಡಿ ಒಯ್ದೆ. ಸಿದ್ದಪ್ಪನ ಮನೆಯಲ್ಲಿ ವಿಸಿಡಿ ಪ್ಲೇಯರ್ ಇತ್ತು. ಕರೆಂಟು ಬರುವವರೆಗೆ ಕಾದೆವು. ಮಾಮು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಟೀವಿಯ ಪರದೆ ನೀಲಿಯಾಯಿತು.

"ಚಿತ್ರ ಯಾಕ ಬರವಲ್ದು?" ಎಂದಳು ಸಿದ್ದಪ್ಪನ ಹೆಂಡತಿ.

"ಸುಮ್ನ ಕುಂದ್ರ, ಇದು ಕೇಳೂದು," ಎಂದ ಸಿದ್ದಪ್ಪ.

ಬೇಸ್ ಬಂತು. ಮಾಮು ಮುಂದಕ್ಕೆ ಬಾಗಿದರು. "ಏ, ನಂದ ಬಿಲ್ಲದು! ಎಷ್ಟ ದೊಡ್ಡದಾಗೇದಲೋ ಸಿದ್ದ್ಯಾ!" ಮುಖ ಅರಳಿತು. ಆಮೇಲೆ ಅವರ ಉಸಿರು ಬಂತು. ಮತ್ತೆ ಉಸಿರು. ಸಿದ್ದಪ್ಪ ದನಿಗೂಡಿಸಲು ಗಂಟಲು ಸರಿಮಾಡಿಕೊಂಡು ಕಾಯುತ್ತ ಕೂತ. ಪದ ಎತ್ತುವ ಹೊತ್ತು ಬಂದು ಬಂದು ದಾಟಿಹೋಗುತ್ತಿತ್ತು.

"ಯಾವಾಗ ಸುರು ಆಗೂದಿದು?" ಎಂದ ಸಿದ್ದಪ್ಪ.

ಅಷ್ಟರಲ್ಲಿ ಮುಗಿಯಿತು.

ನಾನು ಹಾಳೆ ಬಿಚ್ಚಿ ತೋರಿಸಿದೆ. "ಇಲ್ಲಿ ನಿಮ್ಮ ಹೆಸರ ಬರದಾರ ನೋಡ್ರಿ ಮಾಮು. ಬಿಳೂರಂತನೂ ಬರದಾರ."

ಮಾಮು ಹಾಳೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. "ಬರದಿರಬೇಕು. ತಲಾಠಿ ದಫ್ತರದಾಗೂ ನನ್ನ ಹೆಸರ ಬರದೈತಿ. ಪದದಾಗ ಬಿತ್ತೇನು?"

"ಇಲ್ರಿ."

"ಸಾಹೇಬಂದು?"

"ಅದೂ ಇಲ್ಲ. ಅಂವಗ ಬ್ಯಾಡಾತು."

ಮಾಮು ನೀಲಿ ಪರದೆಯ ಕಡೆಗೆ ತಿರುಗಿದರು. ಆಮೇಲೆ, ಯಾರೂ ಕೇಳದೆ, ಕಡೆಯ ನುಡಿಯನ್ನು ಎತ್ತಿದರು. ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸುವವರ ದನಿಯಲ್ಲಿ. ಊರು ಬಿಳೂರು ಬಂತು. ಉಸ್ತಾದರು ಬಂದರು. ಹುಸೇನ ಬಂದ. ಮೂರನೆಯ ಸಾಲಿಗೆ ಒಂದು ಕ್ಷಣ ತಡೆದರು, ಕಟ್ಟುವಾಗ ತಡೆಯುವಂತೆ.

"ಬ್ರಿಸ್ಟಲ ಶಹರದ ದಸ್ತಗೀರ ಸಾಹೇಬ."

ಸಿದ್ದಪ್ಪ ರೂಢಿಯಂತೆ ಆ ಸಾಲನ್ನು ಎರಡು ಸಲ ಹಿಂದಿನಿಂದ ಹೇಳಿದ. ಅದು ಸಿಟ್ಟೋ, ಚೇಷ್ಟೆಯೋ ಎಂದು ಮಾಮುವಿನ ಮುಖ ನೋಡಿದೆ. ಈಗಲೂ ಆ ಮುಖವನ್ನು ನೆನಪಿಸಿಕೊಂಡು ನೋಡುತ್ತೇನೆ, ನೆನಪನ್ನು ಎಷ್ಟು ನಂಬಬೇಕೋ ತಿಳಿಯದು. ಎರಡೂ ಇರಲಿಲ್ಲ ಅನ್ನಿಸುತ್ತದೆ. ಪದಕ್ಕೆ ಕರೆದು ಕೇಳಿದವನೊಬ್ಬ ಬೇಕಾಗಿತ್ತು, ಎದುರಿಗೆ ನಾನಿದ್ದೆ. ಅವರು ಕೊಟ್ಟದ್ದು ಮರ್ಯಾದೆಯೇ. ಮನೆಯವರ ಹೆಸರನ್ನು ಆ ಸಾಲಿನಲ್ಲಿ ಯಾರೂ ಹಾಕುವುದಿಲ್ಲ.

ಹೆಸರು ಬಿದ್ದ ಪರಊರಿನವನು ಎದ್ದು ನಿಂತು ಎದೆಗೆ ಕೈ ಹಚ್ಚಬೇಕೆಂಬುದು ನಮ್ಮ ಕಡೆಯ ಪದ್ಧತಿ. ಸಿದ್ದಪ್ಪನ ಹೆಂಡತಿ ಸೆರಗು ಸರಿಮಾಡಿಕೊಂಡು ನನ್ನ ಕಡೆ ನೋಡಿದಳು. ಮಾಮು ನಾಲ್ಕನೆಯ ಸಾಲನ್ನು ಹಿಡಿದಿಟ್ಟು ಕಾಯುತ್ತಿದ್ದರು.

ನಾನು ಎದ್ದು ನಿಂತೆ.