ಬೆಳಿಗ್ಗೆ ನನ್ನದು, ಸಂಜೆ ಆಯಿಯದು

ನಾನು ಚಿಕ್ಕವಳಿದ್ದಾಗ ನಮ್ಮ ಶಾಲೆಯಲ್ಲಿ ಎಲ್ಲರೂ ಒಂದೇ ದಿನ ಹುಟ್ಟಿದ್ದೆವು. ಜೂನ್ ಒಂದು. ನಾನೂ ಜೂನ್ ಒಂದು, ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಯೂ ಜೂನ್ ಒಂದು, ನಮ್ಮಿಬ್ಬರ ಜಗಳ ಬಿಡಿಸಲು ಬರುತ್ತಿದ್ದ ನನ್ನ ಅಕ್ಕನೂ ಜೂನ್ ಒಂದು. ನಗಬೇಡಿ ಮಕ್ಕಳೇ. ಯಲಬುರ್ಗಾ ಕಡೆಯ ನಮ್ಮ ಹಳ್ಳಿಯಲ್ಲಿ ಆಗ ಮಗು ಹುಟ್ಟಿದರೆ ಯಾರೂ ತಾರೀಖು ನೋಡಲು ಓಡುತ್ತಿರಲಿಲ್ಲ, ಬಿಸಿನೀರು ಕಾಯಿಸಲು ಓಡುತ್ತಿದ್ದರು. ಶಾಲೆಗೆ ಸೇರಿಸುವ ದಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಹಿಡಿಯಬೇಕಿತ್ತು. ಕಿವಿ ಸಿಕ್ಕರೆ ಆರು ವರ್ಷ ತುಂಬಿತೆಂದು ಅರ್ಥ. ತಾರೀಖು ಮಾತ್ರ ಎಲ್ಲರಿಗೂ ಜೂನ್ ಒಂದು.

ನಾನು ನಾಲ್ಕನೆಯ ಇಯತ್ತೆಗೆ ಬಂದ ವರ್ಷ ಹೊಸ ಮಾಸ್ತರರು ಬಂದರು. ಅವರು ಶಾಲೆಯ ಪಡಸಾಲೆಯ ಗೋಡೆಗೆ ಒಂದು ಕರಿಹಲಗೆ ಹಾಕಿಸಿ, ಅದರ ಮೇಲೆ ‘ಈ ದಿನ’ ಎಂದು ದಪ್ಪಕ್ಷರದಲ್ಲಿ ಬರೆದರು. ಅದರ ಕೆಳಗೆ ಘಟನೆ, ಜನನ, ಮರಣ, ಆಚರಣೆ ಎಂಬ ನಾಲ್ಕು ಸಾಲು. ಇದೇ ತಾರೀಖಿನಂದು ಹಿಂದೆ ಯಾವ ರಾಜ ಗೆದ್ದ, ಯಾವ ವಿಜ್ಞಾನಿ ಹುಟ್ಟಿದ, ಯಾವ ಕವಿ ತೀರಿಕೊಂಡ ಎಂದು ದಿನಾ ಬೆಳಿಗ್ಗೆ ಬರೆಯುತ್ತಿದ್ದರು. ಹುಟ್ಟಿದ ದಿನ ಇರುವ ಮಗುವಿಗೆ ಆವತ್ತು ಹಲಗೆ ಬರೆಯುವ ಹಕ್ಕು, ಸಂಜೆ ಶಾಲೆ ಬಿಡುವ ಗಂಟೆ ಬಾರಿಸುವ ಹಕ್ಕು. ತೂಗುಬಿಟ್ಟ ರೈಲು ಹಳಿಯ ತುಂಡಿಗೆ ಕಬ್ಬಿಣದ ಸಲಾಕೆಯಿಂದ ಹೊಡೆದರೆ ಇಡೀ ಊರಿಗೆ ಕೇಳುತ್ತಿತ್ತು. ಆ ಸಲಾಕೆ ಹಿಡಿಯಲು ನನ್ನ ಕೈ ಚಡಪಡಿಸುತ್ತಿತ್ತು.

‘ಇವತ್ತು ಹುಟ್ಟಿದವರು ಯಾರದಾರ, ಎದ್ದು ನಿಲ್ರಿ’ ಎಂದು ಅವರು ಮೊದಲನೆಯ ದಿನವೇ ಕೇಳಿದರು. ಆ ದಿನ ಜೂನ್ ಒಂದು. ಇಡೀ ಶಾಲೆ ಎದ್ದು ನಿಂತಿತು. ನಾವೆಲ್ಲ ಚೇಷ್ಟೆ ಮಾಡುತ್ತಿದ್ದೇವೆಂದು ಮಾಸ್ತರರು ಮೊದಲು ಕಣ್ಣು ಕೆಂಪಗೆ ಮಾಡಿದರು. ಆಮೇಲೆ ಏನೋ ನೆನಪಾಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. ‘ನಂದೂ ಜೂನ್ ಒಂದ ಐತ್ರೆಪಾ! ಇದು ನಡಿಯಂಗಿಲ್ಲ. ಮನ್ಯಾಗ ಕೇಳ್ಕೊಂಡು ಬರ್ರಿ. ಖರೇ ದಿನ ತಂದವರಿಗೆ ಹಲಗಿ ಬರಿಯೂ ಖಡು, ಗಂಟಿ ಎರಡೂ’ ಎಂದರು.

ಮನೆಯಲ್ಲಿ ಕೇಳಿದರೆ ಅವ್ವ ಒಲೆಯ ಕಡೆ ತಿರುಗಿದಳು. ಅಪ್ಪ ಎದ್ದು ಎತ್ತುಗಳ ಕಡೆ ಹೋದ. ಕೊನೆಗೆ ಹೇಳಿದ್ದು ಅಕ್ಕ, ಅದೂ ಜೋಳ ಹಸನು ಮಾಡುತ್ತಾ, ದನಿ ತಗ್ಗಿಸಿ.

‘ಎಳ್ಳಮಾಸಿ ಮರುದಿನ ಮುಂಜಾನಿ ನೀ ಹುಟ್ಟಿದಿ. ಅದ ದಿನ ಹೊತ್ತು ಮುಳುಗೂದ್ರಾಗ ಆಯಿ ಹೋದಳು. ಅಪ್ಪನ ಮುಂದ ಈ ಮಾತು ತಗೀಬ್ಯಾಡ.’

ಆಯಿ ಎಂದರೆ ಅಪ್ಪನನ್ನು ಹೆತ್ತವಳು. ಅವಳು ಹೋದಳೆಂದು ಅವಳ ಹೆಸರನ್ನೇ ನನಗೆ ಇಟ್ಟಿದ್ದರು. ಆಗ ನನಗೆ ಬಹಳ ದಿನದಿಂದ ತಿಳಿಯದೇ ಇದ್ದ ಒಂದು ಸಂಗತಿ ತಿಳಿಯಿತು. ನಮ್ಮ ಕಡೆ ಅಪ್ಪಂದಿರು ಹೆಣ್ಣುಮಕ್ಕಳನ್ನು ‘ಬಾರವ್ವ’, ‘ಉಣ್ಣವ್ವ’ ಎಂದೇ ಕರೆಯುವುದು. ಅಪ್ಪ ಅಕ್ಕನನ್ನೂ ಹಾಗೇ ಕರೆಯುತ್ತಿದ್ದ. ನನ್ನನ್ನು ಮಾತ್ರ ‘ಏ ಸಣ್ಣಾಕಿ’ ಎನ್ನುತ್ತಿದ್ದ. ಹೆಸರು ಹಿಡಿದು ಕರೆಯೋಣವೆಂದರೆ ಅದು ಹೆತ್ತವಳ ಹೆಸರು. ‘ಅವ್ವ’ ಎನ್ನೋಣವೆಂದರೆ ಬಾಯಿ ಏಳುತ್ತಿರಲಿಲ್ಲ. ಊರಿನ ಎಲ್ಲ ಹುಡುಗಿಯರಿಗೂ ಪುಕ್ಕಟೆ ಸಿಗುವ ಆ ಒಂದು ಮಾತಿಗಾಗಿ ನಾನು ಎಷ್ಟು ಹೊಟ್ಟೆಕಿಚ್ಚು ಪಟ್ಟಿದ್ದೆನೋ ನನಗೇ ಗೊತ್ತು.

ಎಳ್ಳ ಅಮಾವಾಸ್ಯೆ ಬಂತು. ಸಜ್ಜೆ ಕಡುಬು, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಎಲ್ಲರೂ ಚಕ್ಕಡಿಯಲ್ಲಿ ಹೊಲಕ್ಕೆ ಹೋದೆವು. ತೆನೆ ಹಿಡಿದ ಬಿಳಿಜೋಳದ ನಡುವೆ ಅಪ್ಪ ಚರಗ ಚೆಲ್ಲಿದ. ಮಾಡಿದ ಅಡುಗೆಯನ್ನು ಮೊದಲು ಭೂಮಿತಾಯಿಗೆ ಉಣಿಸಿ, ಆಮೇಲೆ ನಾವು ಉಣ್ಣುವ ಪದ್ಧತಿ ಅದು. ಎರೆಮಣ್ಣಿನ ಬಿರುಕುಗಳಲ್ಲಿ ಕಾಲು ಇಳಿಬಿಟ್ಟು ಕೂತು ನಾನು ಹಸಿ ಕಡಲೆ ತಿಂದೆ. ತಂಪುಗಾಳಿಗೆ ಕುಸುಬೆ ಹೂವಿನ ವಾಸನೆ ಇತ್ತು. ನಾಳೆ ನನ್ನ ದಿನ ಎಂದು ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಗೋಡೆಯ ಗೂಡಿನಲ್ಲಿ ದೀಪ ಹಚ್ಚಿ, ಆಯಿಗೆ ಎಡೆ ಇಡಲು ಸಾರಿಸುತ್ತಿದ್ದಳು. ಅಪ್ಪ ಹಕ್ಕಿ ಕಾಯಲು ಕವಣೆ ಹೆಗಲಿಗೆ ಹಾಕಿಕೊಂಡು ಹೊರಟಿದ್ದ. ನಾನು ಹೊಸ್ತಿಲಿಗೆ ಅಡ್ಡ ನಿಂತೆ. ಅಕ್ಕ ಹಿಂದಿನಿಂದ ಕಣ್ಣು ಬಿಟ್ಟಳು. ನಾನು ಜಗ್ಗಲಿಲ್ಲ.

‘ಅಪ್ಪಾ, ಇವತ್ತು ನಾ ಹುಟ್ಟಿದ ದಿನ ಐತಿ. ಸಾಲ್ಯಾಗ ಬೋರ್ಡಿನ ಮ್ಯಾಲ ಬರೀತೀನಿ.’

ಅಪ್ಪ ನನ್ನ ಮುಖ ನೋಡಲಿಲ್ಲ. ‘ಇವತ್ತು ನಮ್ಮವ್ವನ ದಿನ’ ಎಂದ.

‘ಹೌದು. ಮುಂಜಾನಿದು ನಂದು, ಸಂಜಿದು ಆಯೀದು. ಇಬ್ಬರದೂ ಬರೀತೀನಿ’ ಎಂದೆ.

ಅಪ್ಪ ಕವಣೆಯನ್ನು ಹೆಗಲ ಮೇಲೆ ಸರಿಮಾಡಿಕೊಂಡ. ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹೊಲದ ದಾರಿ ಹಿಡಿದ. ಬೇಡ ಎನ್ನಲಿಲ್ಲವಲ್ಲ, ನನಗೆ ಅಷ್ಟೇ ಸಾಕಿತ್ತು.

ಮಾಸ್ತರರು ನನ್ನ ಮಾತು ಕೇಳಿ ಬಿಳಿ ಖಡು ಕೈಗಿಟ್ಟು ಒಳಗೆ ಹೋದರು. ಕುರ್ಚಿ ಹತ್ತಿ ನಿಂತು ಬರೆದೆ. ಘಟನೆ: ನಿನ್ನೆ ಊರವರೆಲ್ಲ ಚರಗ ಚೆಲ್ಲಿದರು. ಜನನ: ನನ್ನ ಹೆಸರು. ಮರಣ: ಆಯಿಯ ಹೆಸರು. ಆಚರಣೆ: ನಮ್ಮ ಮನೆಯಲ್ಲಿ ಎಡೆ. ಅಕ್ಷರ ಮುತ್ತಿನಂತಿದ್ದವು, ನಾನೇ ಹೇಳಿಕೊಳ್ಳಬೇಕು. ರಾಜರು, ಕವಿಗಳು ಕೂರುತ್ತಿದ್ದ ಜಾಗದಲ್ಲಿ ನಮ್ಮ ಮನೆಯವರನ್ನು ಕೂರಿಸಿ ಎದೆಯುಬ್ಬಿಸಿ ಕೆಳಗಿಳಿದೆ.

ಆದರೆ ಹೆಸರು ಒಂದೇ ನೋಡಿ! ಜನನದ ಮುಂದೆಯೂ ಅದೇ, ಮರಣದ ಮುಂದೆಯೂ ಅದೇ. ‘ಆಯಿ’ ಎಂದು ಸೇರಿಸಬೇಕೆಂದು ನನಗೆ ಹೊಳೆದಿರಲಿಲ್ಲ. ಒಂದನೆಯ ಇಯತ್ತೆಯ ಒಬ್ಬ ಪುಟ್ಟ ಹುಡುಗಿ ಆಗಷ್ಟೇ ಕೂಡಿಸಿ ಓದಲು ಕಲಿತಿದ್ದಳು. ಸಣ್ಣ ಬಿಡುವಿನಲ್ಲಿ ಅವಳು ಹಲಗೆಯ ಮುಂದೆ ನಿಂತು ಒಂದೇ ಸಾಲು ಓದಿಕೊಂಡು, ಓದು ಬಂದ ಖುಷಿಯಲ್ಲಿ ಮನೆಯ ಕಡೆ ಓಡಿದಳು. ಅವಳ ದಾರಿ ನಮ್ಮ ಹೊಲದ ಬದುವಿನ ಮೇಲೇ ಇತ್ತು. ಅಟ್ಟದ ಮೇಲೆ ನಿಂತು ಹಕ್ಕಿ ಹೊಡೆಯುತ್ತಿದ್ದ ಅಪ್ಪನನ್ನು ಕಂಡು ಕೂಗಿದಳು.

‘ಕಾಕಾ! ನಿಮ್ಮ ಸಣ್ಣಾಕಿ ಮರಣ ಆಗ್ಯಾಳಂತ ಬೋರ್ಡಿನ ಮ್ಯಾಲ ಬರದೈತಿ!’

ಅಪ್ಪ ಅಟ್ಟದಿಂದ ಇಳಿದನೋ ಹಾರಿದನೋ ಯಾರೂ ನೋಡಿಲ್ಲ. ನಾನು ಕಂಡದ್ದು ಶಾಲೆಯ ಅಂಗಳಕ್ಕೆ ನುಗ್ಗಿದ ಅಪ್ಪನನ್ನು. ತಲೆಯ ಮೇಲೆ ರುಮಾಲು ಇರಲಿಲ್ಲ. ಕೈಯಲ್ಲಿ ಕವಣೆ ಹಾಗೇ ಇತ್ತು. ಮೊಣಕಾಲಿನವರೆಗೆ ಮಣ್ಣು, ಮೈಯೆಲ್ಲ ಬೆವರು. ಮಕ್ಕಳೆಲ್ಲ ದಾರಿ ಬಿಟ್ಟು ನಿಂತರು.

‘ಅವ್ವಾ!’ ಎಂದು ಕೂಗಿದ. ‘ಯವ್ವಾ, ಎಲ್ಲಿ ಅದೀಯವ್ವಾ!’

ಆಯಿಯನ್ನು ಕರೆಯುತ್ತಿದ್ದಾನೆ ಎಂದೇ ನಾನು ಮೊದಲು ತಿಳಿದೆ. ಅಷ್ಟರಲ್ಲಿ ಅಪ್ಪ ನನ್ನ ಎರಡೂ ಕೆನ್ನೆ ಹಿಡಿದಿದ್ದ. ‘ಅದೀ ಏನ ನನ್ನವ್ವಾ, ಅದೀ ಏನ’ ಎಂದು ಅದನ್ನೇ ಅನ್ನುತ್ತಿದ್ದ. ‘ಅದೀನಪ್ಪಾ, ಇಲ್ಲೇ ಅದೀನಿ’ ಎಂದೆ. ಅಪ್ಪ ಅಳುವುದನ್ನು ನೋಡಿ ನನಗೆ ಹೆದರಿಕೆಯಾಯಿತು. ಜೊತೆಗೆ ಖುಷಿಯೂ ಆಯಿತು. ಸುಳ್ಳೇಕೆ ಹೇಳಲಿ, ಖುಷಿಯೇ ಹೆಚ್ಚಾಗಿತ್ತು. ಆ ಮಾತು ಕೊನೆಗೂ ನನ್ನ ಪಾಲಿಗೆ ಬಂದಿತ್ತು.

ಗದ್ದಲ ಕೇಳಿ ಮಾಸ್ತರರು ಹೊರಗೆ ಬಂದರು. ಹಲಗೆ ಓದಿದರು, ಹಣೆ ಚಚ್ಚಿಕೊಂಡರು. ‘ತಪ್ಪು ತಿಳೀಬ್ಯಾಡ್ರಿ, ಹುಡುಗಿ ಎರಡೂ ಕಡೆ ಒಂದ ಹೆಸರು ಬರದಾಳ. ಈಗ ಅಳಿಸಿಬಿಡ್ತೀನಿ’ ಎಂದು ಅರಿವೆ ತೆಗೆದುಕೊಂಡರು. ಅಪ್ಪ ಅವರ ಕೈ ತಡೆದ.

‘ಬ್ಯಾಡ್ರಿ ಮಾಸ್ತರ. ಎರಡೂ ಖರೇನ ಅದಾವು. ಮುಂಜಾನಿದು ಇಕೀದು, ಸಂಜಿದು ನಮ್ಮವ್ವಂದು. ಇರ್ಲಿ ಬಿಡ್ರಿ.’

ಬೆಳಿಗ್ಗೆ ಹೊಸ್ತಿಲಲ್ಲಿ ನಾನು ಆಡಿದ ಮಾತನ್ನು ಅಪ್ಪ ಹೊಲದವರೆಗೆ ಹೊತ್ತುಕೊಂಡೇ ಹೋಗಿದ್ದ. ಆ ದಿನ ಅವನು ಮತ್ತೆ ಹಕ್ಕಿ ಕಾಯಲು ಹೋಗಲಿಲ್ಲ. ಶಾಲೆಯ ಬೇವಿನ ಗಿಡದ ಕೆಳಗೆ ಕೂತು, ಸಂಜೆ ನಾನು ಸಲಾಕೆಯೆತ್ತಿ ಗಂಟೆ ಬಾರಿಸುವುದನ್ನು ನೋಡಿದ. ಮೂರು ಸಲ ಬಾರಿಸಬೇಕಿತ್ತು, ನಾನು ಕೈ ಸೋಲುವವರೆಗೆ ಬಾರಿಸಿದೆ. ಮನೆಗೆ ಬಂದು ಆಯಿಗೆ ಎಡೆ ಇಟ್ಟು ಕೈಮುಗಿದ ಮೇಲೆ, ಎಡೆಯ ಹೋಳಿಗೆ ಮುರಿದು ಮೊದಲ ತುಂಡನ್ನು ನನ್ನ ಬಾಯಿಗಿಟ್ಟ. ‘ಉಣ್ಣವ್ವ’ ಎಂದ.

ಈಗ ನಿಮ್ಮ ಕಾಲ ನೋಡಿ. ನೀವು ಹುಟ್ಟಿದ ಗಳಿಗೆ, ನಿಮಿಷ, ತೂಕ ಎಲ್ಲವೂ ಆಸ್ಪತ್ರೆಯ ಕಾಗದದಲ್ಲಿದೆ. ಕಣ್ಣು ಬಿಡುವ ಮೊದಲೇ ಗಂಗಾವತಿಯ ಅತ್ತೆಯ ಫೋನಿಗೆ ನಿಮ್ಮ ಫೋಟೊ ಹೋಗಿತ್ತು. ‘ಈ ದಿನ’ ಏನಾಯಿತೆಂದು ತಿಳಿಯಲು ನಿಮಗೆ ಕರಿಹಲಗೆ ಬೇಡ, ಬೆರಳಿನಿಂದ ಮುಟ್ಟಿದರೆ ಸಾಕು. ನನ್ನ ಫೋನಿಗೂ ಪ್ರತಿ ಜೂನ್ ಒಂದಕ್ಕೆ ಬ್ಯಾಂಕಿನಿಂದ ಹುಟ್ಟುಹಬ್ಬದ ಶುಭಾಶಯ ಬರುತ್ತದೆ. ಪಾಪ, ಅದಕ್ಕೆ ಗೊತ್ತಿಲ್ಲ. ನಿಮಗೆ ಈಗ ಗೊತ್ತಾಯಿತು. ಎಳ್ಳ ಅಮಾವಾಸ್ಯೆಯ ಮರುದಿನ ಕೇಕ್ ತರುವುದಾದರೆ ಬೆಳಿಗ್ಗೆಯೇ ತನ್ನಿ, ಸಂಜೆಯ ಹೊತ್ತು ಆಯಿಯದು.

ಇನ್ನೊಂದು ಮಾತು. ನಾನು ‘ಬಾರವ್ವ’ ಎಂದು ಕರೆದಾಗಲೆಲ್ಲ ನೀವು ‘ಅಜ್ಜಿ, ನಾನು ಅವ್ವ ಅಲ್ಲ, ನಿನ್ನ ಮೊಮ್ಮಗಳು’ ಎಂದು ನಗುತ್ತೀರಿ. ನಗಿ, ಬೇಡವೆನ್ನುವುದಿಲ್ಲ. ಆದರೆ ಕರೆದಾಗ ಓಗೊಡಿ. ಆ ಮಾತನ್ನು ನನಗೆ ಕೊಡಲು ನಮ್ಮಪ್ಪ ಹೊಲದಿಂದ ಶಾಲೆಯವರೆಗೆ ಓಡಿ ಬಂದಿದ್ದ.