ಕುಲುಕಿ ನೋಡಿದ ಬೆಕ್ಕು

ಚರಂಡಿಯಿಂದ ಎತ್ತಿ ತಂದು ಸಾಕಿದ್ದ ಬೆಕ್ಕು ದಿನೇ ದಿನೇ ಸೊರಗುತ್ತಿತ್ತು. ತಿಪಟೂರಿನ ಡಾಕ್ಟರು ಎರಡು ಸಲ ರಕ್ತ ಪರೀಕ್ಷೆ ಮಾಡಿಸಿ, "ಕಿಡ್ನಿ ತೊಂದರೆ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಮಾತ್ರೆಯನ್ನಂತೂ ಕೊನೇವರೆಗೂ ಕೊಡಿ" ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ ಕೊಬ್ಬರಿ ವ್ಯಾಪಾರದ ಅಜ್ಜನ ಹತ್ತಿರ ಗೋಳು ಹೇಳಿಕೊಂಡೆ.

"ಕೊಡಪ್ಪ ಇಲ್ಲಿ" ಎಂದವರೇ, ಅಟ್ಟದ ಮೇಲಿನ ಕಾಯಿ ಒಣಗಿ ಕೊಬ್ಬರಿಯಾಯಿತೋ ಇಲ್ಲವೋ ಎಂದು ನೋಡುವ ಹಾಗೆ, ಬೆಕ್ಕನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದರು. ಬೆಕ್ಕು ಪರಚುವುದನ್ನೂ ಮರೆತು ಕಣ್ಣು ಕಣ್ಣು ಬಿಟ್ಟಿತು.

"ಗಡಗಡ ಅಂತಿಲ್ಲ ಕಣಪ್ಪ. ಒಳಗಿನ್ನೂ ಹಸಿ ಐತೆ. ಈಗ್ಲೇ ಏನೂ ಆಗಾಕಿಲ್ಲ ಬುಡು."

ಡಾಕ್ಟರು ಇಷ್ಟು ಖಚಿತವಾಗಿ ಒಂದು ಮಾತೂ ಆಡಿರಲಿಲ್ಲ.

ಈಗಲೂ ಬೆಳಿಗ್ಗೆ ಮಾತ್ರೆ ನುಂಗಿಸುವ ಮುಂಚೆ, ಹೆಂಡತಿ ನೋಡದ ಹಾಗೆ, ಬೆಕ್ಕನ್ನು ಮೆಲ್ಲಗೆ ಕುಲುಕುತ್ತೇನೆ. ದೇವರ ದಯೆ, ಇನ್ನೂ ಸದ್ದಿಲ್ಲ.